ಸೆಪ್ಟೆಂಬರ್ 24ರ ಬುಧವಾರ: ಬರೋಣದ ತಾರೀಖಿನ ಸುತ್ತ ಒಂದು ಕೂಟದಲ್ಲಿ ನಡೆದದ್ದು

ಕಾರವಾರದ ನಮ್ಮ ಬುಧವಾರದ ಬೈಬಲ್ ಅಧ್ಯಯನ ಕೂಟದಲ್ಲಿ 2025ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆದ ಸಂಗತಿ ಇದು. ಯಾರ ಹೆಸರನ್ನೂ ಹಾಕಿಲ್ಲ. ಕೆಲವರ ಕಸುಬು, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಸಂಬಂಧಪಟ್ಟವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ. ಕರ್ತನ ಬರೋಣದ, ಅಂದರೆ ಯೇಸು ಕ್ರಿಸ್ತ ಮತ್ತೆ ಬರುವ ದಿನದ, ತಾರೀಖು ಹೇಳುವ ವಿಡಿಯೊ ಮುಂದೆಯೂ ಬರುತ್ತದೆ, ಯಾವುದಾದರೂ ಊರಿನ ಯಾವುದಾದರೂ ಕೂಟದಲ್ಲಿ ಒಬ್ಬರು ಅದನ್ನು ನಂಬುತ್ತಾರೆ. ಆಗ ಕೂಟ ನಡೆಸುವವರಿಗೆ ನಾವು ಎಡವಿದ ಜಾಗಗಳಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಕೂಟ ಸೇರುವುದು ಕೋಡಿಬಾಗ ಕಡೆಯ ಒಂದು ಮನೆಯ ಹಾಲ್‌ನಲ್ಲಿ. ಹದಿನಾಲ್ಕು ಹದಿನೈದು ಜನ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರಿದ್ದಾರೆ, ಪೆಂತೆಕೋಸ್ತ ಸಭೆಯವರಿದ್ದಾರೆ, ಕಥೋಲಿಕ ಮನೆತನದ ಇಬ್ಬರು ಹೆಂಗಸರೂ ಬರುತ್ತಾರೆ. ಮನೆಮಾತು ಕೆಲವರದು ಕೊಂಕಣಿ, ಕೈಗಾ ಕಡೆಯಿಂದ ಬರುವ ಒಂದಿಬ್ಬರದು ಮಲಯಾಳ, ತಮಿಳು. ಅಧ್ಯಯನ ಮಾತ್ರ ಕನ್ನಡದಲ್ಲಿ. ಯಾರ ಸಭೆ ಸರಿ ಎಂಬ ಮಾತನ್ನು ಇಲ್ಲಿ ಎತ್ತಬಾರದು ಎಂಬ ಒಂದೇ ಕಟ್ಟಳೆಯ ಮೇಲೆ ಇಷ್ಟು ವರ್ಷ ನಡೆದು ಬಂದಿತ್ತು.

ಈ ಪ್ರಕರಣದಲ್ಲಿ ಮುಖ್ಯವಾಗಿ ಬರುವವರು ನಾಲ್ವರು. ಒಬ್ಬರು ಬೋಟಿನ ಇಂಜಿನ್ ರಿಪೇರಿ ಮಾಡುವವರು. ಮೂಲ ಹಳಿಯಾಳ ಕಡೆ, ಇಪ್ಪತ್ತು ವರ್ಷದಿಂದ ಬೈತಕೋಲ್ ಬಂದರಿನಲ್ಲೇ ಕೆಲಸ, ವಾಸ ಸದಾಶಿವಗಡದಲ್ಲಿ. ಅವರನ್ನು ಇಲ್ಲಿ ಮೇಸ್ತ್ರಿ ಎಂದು ಕರೆಯುತ್ತೇನೆ. ಎರಡನೆಯವರು ನಿವೃತ್ತ ಬ್ಯಾಂಕ್ ನೌಕರರು, ತುಂಬ ಓದಿಕೊಂಡವರು, ಅವರು ಬ್ಯಾಂಕಿನವರು. ಮೂರನೆಯವರು 2021ರಲ್ಲಿ ಕೊರೊನಾದಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬರು, ಕೂಟದಲ್ಲಿ ಎಲ್ಲರೂ ಅಕ್ಕ ಅನ್ನುತ್ತೇವೆ. ನಾಲ್ಕನೆಯವರು ಮೇಸ್ತ್ರಿಯ ಹೆಂಡತಿ. ಅವರ ಬಗ್ಗೆ ಮುಂದೆ ಹೇಳುತ್ತೇನೆ. ಮೊದಲೇ ಹೇಳುವ ಹಾಗೆ ನಾವು ನಡೆದುಕೊಂಡಿದ್ದರೆ ಇದರಲ್ಲಿ ಅರ್ಧ ಸಂಗತಿ ನಡೆಯುತ್ತಲೇ ಇರಲಿಲ್ಲ.

ಮೇಸ್ತ್ರಿಯ ಬಳಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು. ರಟ್ಟಿನ ಮೇಲೆ ಡೀಸೆಲ್ ಹೆಬ್ಬೆಟ್ಟಿನ ಗುರುತು. ಒಳಗೆ ಎಡಕ್ಕೆ ಬೈಬಲ್ ವಚನ, ಬಲಕ್ಕೆ ಸುದ್ದಿ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ನೀರು ಬಿಟ್ಟು ಕಾಳಿ ದಂಡೆಯ ಊರುಗಳಿಗೆ ನೆರೆ ಬಂದದ್ದು, 2020ರ ಲಾಕ್‌ಡೌನ್, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು, ಅದಾಗಿ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದದ್ದು. ಒಂದೊಂದರ ಎದುರಿಗೂ ಕಡೇ ಕಾಲದ ಬಗ್ಗೆ ಹೇಳುವ ಮತ್ತಾಯ 24, ಲೂಕ 21, ಪ್ರಕಟನೆ 6ರ ವಚನಗಳು. ನಾನು ಇದನ್ನು ಮೊದಲು ನೋಡಿದಾಗ ಭಕ್ತಿಯ ಹವ್ಯಾಸ ಅಂದುಕೊಂಡೆ. ಆ ಪುಟಗಳ ಹಿಂದೆ ಇದ್ದದ್ದು ಏನೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಸಮಸ್ಯೆ ಎದ್ದದ್ದು

2025ರಲ್ಲಿ ದಕ್ಷಿಣ ಆಫ್ರಿಕಾದ ಒಬ್ಬರು, ಸೆಪ್ಟೆಂಬರ್ 23 ಮತ್ತು 24ರಂದು ಸಭೆ ಎತ್ತಲ್ಪಡುತ್ತದೆಂದು, ಅಂದರೆ ವಿಶ್ವಾಸಿಗಳನ್ನು ಕರ್ತನು ಮೇಲಕ್ಕೆ ಕರೆದುಕೊಳ್ಳುವನೆಂದು, ದರ್ಶನದಲ್ಲಿ ಕರ್ತನೇ ತಿಳಿಸಿದ್ದಾನೆ ಎಂದು ಹೇಳಿದ ವಿಡಿಯೊ ಲೋಕವೆಲ್ಲ ಹರಡಿತು. ಅದು ಯೆಹೂದ್ಯರ ತುತೂರಿಗಳ ಹಬ್ಬದ ಕಾಲ. ಯಾಜಕಕಾಂಡ 23:24ರಲ್ಲಿ ಏಳನೇ ತಿಂಗಳ ಮೊದಲ ದಿನ ತುತೂರಿ ಊದಬೇಕೆಂದಿದೆ. 1 ಕೊರಿಂಥ 15:52ರಲ್ಲಿ ಕಡೇ ತುತೂರಿಯ ಧ್ವನಿಗೆ ಸತ್ತವರು ಎದ್ದುಬರುವರೆಂದಿದೆ. ಇವೆರಡನ್ನೂ ಜೋಡಿಸಿ ಲೆಕ್ಕ ಹಾಕಿದ ವಿಡಿಯೊಗಳು ಒಂದರ ಹಿಂದೆ ಒಂದು ಬಂದವು, ವಾಟ್ಸಾಪ್‌ನಲ್ಲಿ ಕನ್ನಡದ ದನಿಯಲ್ಲೂ ಬಂದವು.

ಆಗಸ್ಟ್ 13ರ ಬುಧವಾರ ಮೇಸ್ತ್ರಿ ಕೂಟದಲ್ಲಿ ಎದ್ದು ನಿಂತು ಇದನ್ನು ಹೇಳಿದರು. ನಂಬಿಕೆಯ ಮಾತು ಅಷ್ಟೇ ಆಗಿದ್ದರೆ ನಾನು ಕೇಳಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಅವರು ಆಗಲೇ ಕೆಲವು ತೀರ್ಮಾನಕ್ಕೆ ಬಂದಿದ್ದರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿರುವ ಮಗಳ ಫೀ 48,000 ರೂಪಾಯಿ ಸೆಪ್ಟೆಂಬರ್ 20ರೊಳಗೆ ಕಟ್ಟಬೇಕಿತ್ತು. ಚೀಟಿ ಎತ್ತಿ ಇಟ್ಟ ಆ ದುಡ್ಡಿನಲ್ಲಿ 9,000 ತೆಗೆದು ಕರಪತ್ರ ಅಚ್ಚು ಹಾಕಿಸಿದ್ದರು. ಉಳಿದದ್ದನ್ನು ಸುವಾರ್ತೆಗೆ ಕೊಡುವವರಿದ್ದರು. ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಬೋಟುಗಳು ಇಳಿದಿದ್ದವು, ಅವರ ಕೈತುಂಬ ಕೆಲಸ ಇರುವ ಕಾಲ. ಸೆಪ್ಟೆಂಬರ್ 22ರ ನಂತರದ ಯಾವ ಇಂಜಿನ್ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ ಎಂದು ಬೋಟಿನವರಿಗೆ ಹೇಳಿಬಿಟ್ಟಿದ್ದರು.

ಹಾಗಾಗಿ ಪ್ರಶ್ನೆ ಎರಡಾಯಿತು. ಪ್ರವಾದನೆಯನ್ನು ಹೇಗೆ ಓದಬೇಕು ಎಂಬುದು ಒಂದು. ಒಬ್ಬರ ಓದಿನ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗಿ ಬಂದಾಗ ಕೂಟ ಏನು ಮಾಡಬೇಕು ಎಂಬುದು ಎರಡು. ನಾವು ಮೊದಲನೆಯದಕ್ಕೇ ಜೋತುಬಿದ್ದೆವು.

ಮೊದಲ ಪ್ರಯತ್ನ: ವಚನಕ್ಕೆ ವಚನ

ಆಗಸ್ಟ್ 20ರಂದು ಬ್ಯಾಂಕಿನವರು ಸಿದ್ಧವಾಗಿಯೇ ಬಂದಿದ್ದರು. ಮತ್ತಾಯ 24:36 ತೆಗೆದು ಓದಿದರು. ಆ ದಿನ, ಆ ಗಳಿಗೆ ದೂತರಿಗೂ ತಿಳಿಯದು, ಮಗನಿಗೂ ತಿಳಿಯದು, ತಂದೆಯೊಬ್ಬನಿಗೇ ಗೊತ್ತು. "ಇಷ್ಟು ಸ್ಪಷ್ಟ ಇರುವಾಗ ಇನ್ನೇನು ಮಾರಾಯ್ರೆ?"

ಮೇಸ್ತ್ರಿ ಅಲುಗಲಿಲ್ಲ. "ಸಾಹೇಬರ, ದಿನಾ ಗೊತ್ತಿಲ್ಲ ಅಂದಾನ, ಕಾಲ ಗೊತ್ತಾಗೂದಿಲ್ಲ ಅಂದಿಲ್ಲ. ಅಂಜೂರದ ಗಿಡ ಚಿಗತ್ರ ಬ್ಯಾಸಗಿ ಹತ್ರ ಬಂತು ಅಂತ ತಿಳ್ಕೋರಿ ಅಂತ ಅದೇ ಅಧ್ಯಾಯದಾಗ ಅವನ ಹೇಳ್ಯಾನ." ಅಂಜೂರದ ಮರ ಅಂದರೆ ಇಸ್ರಾಯೇಲ್, ಅದು ಚಿಗುರಿದ್ದು ಆ ದೇಶ ಹುಟ್ಟಿದ 1948ರಲ್ಲಿ, ಕೀರ್ತನೆ 90ರ ಪ್ರಕಾರ ಒಂದು ತಲೆಮಾರಿನ ಆಯುಸ್ಸು ಎಪ್ಪತ್ತು, ಹೆಚ್ಚೆಂದರೆ ಎಂಬತ್ತು. ಇನ್ನೊಂದು ವಾದವೂ ಅವರ ಬಳಿ ಇತ್ತು. ತುತೂರಿಗಳ ಹಬ್ಬ ಅಮಾವಾಸ್ಯೆ ಕಳೆದು ಚಂದ್ರನ ಎಳೆ ಕಂಡ ಮೇಲೆ ಶುರುವಾಗುತ್ತಿತ್ತು, ಹಾಗಾಗಿ ಅದೇ 'ಯಾರಿಗೂ ತಿಳಿಯದ ದಿನ', ಯೇಸು ಗುಟ್ಟಾಗಿ ಆ ಹಬ್ಬವನ್ನೇ ಸೂಚಿಸಿದ್ದಾನೆ ಎಂದು.

ಇವು ಕೈಲಾಗದ ವಾದಗಳೇನಲ್ಲ, ತುಂಬ ಜನ ನಂಬಿರುವ ವಾದಗಳು. ಇವಕ್ಕೆ ಉತ್ತರವೂ ಇದೆ. ಲೂಕ 21:29ರಲ್ಲಿ ಅದೇ ಸಾಮ್ಯ, ಅಂದರೆ ದೃಷ್ಟಾಂತ, ಬರುವಾಗ 'ಅಂಜೂರದ ಮರವನ್ನೂ ಎಲ್ಲಾ ಮರಗಳನ್ನೂ ನೋಡಿರಿ' ಎಂಬ ಅರ್ಥದಲ್ಲಿದೆ. ಒಂದು ಮರ ಒಂದು ದೇಶವಾದರೆ ಉಳಿದ ಮರಗಳು ಏನು? ಮತ್ತಾಯದಲ್ಲೂ 36ನೇ ವಚನದ ಮುಂದೆಯೇ ನೋಹನ ಕಾಲದ ಮಾತಿದೆ. ಜನ ಉಣ್ಣುತ್ತ, ಮದುವೆ ಮಾಡುತ್ತ ಇದ್ದಾಗಲೇ ಪ್ರಳಯ ಬಂತು. ಆಮೇಲೆ ಕಳ್ಳನ ಸಾಮ್ಯ. ಎರಡರ ತಿರುಳೂ ಒಂದೇ, ನೆನೆಸದ ಗಳಿಗೆಯಲ್ಲಿ ಬರುವುದು. ಇನ್ನು 'ಯಾರಿಗೂ ತಿಳಿಯದ ದಿನ' ಇದೇ ಎಂದು ಹೇಳಿ ಅದರ ತಾರೀಖನ್ನೂ ಅಚ್ಚು ಹಾಕಿಸಿದರೆ, ಆ ದಿನ ತಿಳಿಯದ ದಿನವಾಗಿ ಉಳಿಯುವುದಾದರೂ ಹೇಗೆ?

ಇಷ್ಟನ್ನೂ ಅಂದೇ ಹೇಳಿದೆವು. ಒಂದೂ ಕೆಲಸ ಮಾಡಲಿಲ್ಲ. ಒಂಬತ್ತು ಗಂಟೆಗೆ ಮುಗಿಯಬೇಕಾದ ಕೂಟ ಹತ್ತೂಕಾಲಿಗೆ ಮುಗಿಯಿತು. ಕುರ್ಚಿಗಳು ತಾವಾಗಿ ಎರಡು ಸಾಲಾಗಿದ್ದವು. ಮುಂದಿನ ಬುಧವಾರ 27ಕ್ಕೆ ಚೌತಿ, ಕೂಟ ಇರಲಿಲ್ಲ. ಆ ಎರಡು ವಾರದಲ್ಲಿ ಮೇಸ್ತ್ರಿ ಇನ್ನಷ್ಟು ವಿಡಿಯೊ ನೋಡಿದರು.

ಎರಡನೇ ಪ್ರಯತ್ನ: ಇತಿಹಾಸ ತೋರಿಸುವುದು

ಇದು ನನ್ನ ಯೋಚನೆ. ಹಿಂದೆ ತಾರೀಖು ಹೇಳಿ ತಪ್ಪಿದವರ ಕತೆ ಕೇಳಿದರೆ ಮನಸ್ಸು ತಿಳಿಯಾದೀತು ಅಂದುಕೊಂಡೆ. ಸೆಪ್ಟೆಂಬರ್ 3ರಂದು ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತನ ಬಗ್ಗೆ ಹೇಳಿದೆ. ದಾನಿಯೇಲ 8:14ರ 2,300 ದಿನಗಳನ್ನು ವರ್ಷಗಳೆಂದು ಎಣಿಸಿ ಲೆಕ್ಕ ಕಟ್ಟಿದವನು. ಕೊನೆಗೆ ಅವನ ಬಳಗ 1844ರ ಅಕ್ಟೋಬರ್ 22 ಎಂದು ನಿಂತಿತು. ಕೆಲವರು ಹೊಲದ ಫಸಲನ್ನು ಕೊಯ್ಯದೆ ಬಿಟ್ಟರು. ಮರುದಿನದ ಬೆಳಕು ಹರಿದಾಗ ಅವರು ಅತ್ತ ಅಳುವನ್ನು ಚರಿತ್ರೆಯಲ್ಲಿ 'ಮಹಾ ನಿರಾಶೆ' ಎಂದೇ ಕರೆಯುತ್ತಾರೆ. ಆಮೇಲೆ ಹೆರಾಲ್ಡ್ ಕ್ಯಾಂಪಿಂಗ್. ರೇಡಿಯೊದಲ್ಲಿ 2011ರ ಮೇ 21 ಎಂದರು, ತಪ್ಪಿದ ಮೇಲೆ ಅಕ್ಟೋಬರ್ 21 ಎಂದರು, ಮರುವರ್ಷ ತಾವು ಮಾಡಿದ್ದು ಪಾಪವೆಂದು ಒಪ್ಪಿಕೊಂಡರು.

ಹೇಳುತ್ತಿರುವಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿ ನೋಟ್‌ಬುಕ್ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಎದ್ದು ಬಾಗಿಲ ಹತ್ತಿರ ನಿಂತು ಹೇಳಿದ್ದು ಇಷ್ಟೇ: "ಕಡೇ ದಿನದಾಗ ಕುಚೋದ್ಯ ಮಾಡಾವ್ರು ಬರ್ತಾರ ಅಂತ ಪೇತ್ರ ಬರದಾನ್ರಿ, ಎರಡನೇ ಪತ್ರಿಕಿ ಮೂರನೇ ಅಧ್ಯಾಯ. ನೀವ ಅದನ್ನ ಖರೆ ಮಾಡಾಕತ್ತೀರಿ."

ಅಂದು ಉಳಿದವರು ಏಳೇ ಜನ. ನಾನು ಆ ರಾತ್ರಿ ಅವರ ಮಾತನ್ನು ಮತ್ತೆ ಮತ್ತೆ ನೆನೆದೆ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ತಪ್ಪಿದವರ ಪಟ್ಟಿ ಓದುವುದರಿಂದ, ಕೇಳುವವರಿಗೆ ತಮ್ಮನ್ನೂ ಆ ಪಟ್ಟಿಯಲ್ಲಿ ಸೇರಿಸಿ ನಗುತ್ತಿದ್ದಾರೆ ಅನಿಸುತ್ತದೆ. ನಗು ಕೇಳಿಸಿಕೊಂಡವರು ಇನ್ನೂ ಗಟ್ಟಿಯಾಗುತ್ತಾರೆ. ಇತಿಹಾಸ ಸುಳ್ಳಲ್ಲ, ಆದರೆ ಅದನ್ನು ಎಲ್ಲರೆದುರು, ಅವರಿಗಾಗಿಯೇ ಎಂದು ಗೊತ್ತಾಗುವ ಹಾಗೆ ಹೇಳಿದ್ದು ನನ್ನ ತಪ್ಪು.

ಬೈತಕೋಲಿನಲ್ಲಿ ಒಂದು ಮಧ್ಯಾಹ್ನ

ಆ ಶನಿವಾರ ಕ್ಷಮೆ ಕೇಳಲೆಂದು ಬಂದರಿಗೆ ಹೋದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅವರು ಒಂದು ಟ್ರಾಲರಿನ ಇಂಜಿನ್ ಕೋಣೆಯಿಂದ ಮೇಲೆ ಬಂದು, ವೇಸ್ಟ್ ಬಟ್ಟೆಯಲ್ಲಿ ಬೆರಳು ಬೆರಳನ್ನೂ ಒರೆಸಿಕೊಳ್ಳುತ್ತ ದಕ್ಕೆಯ ಮೇಲೆ ಕುಳಿತರು. ನಾನು ವಾದಕ್ಕೆ ಹೋಗಲಿಲ್ಲ. ನೋಟ್‌ಬುಕ್ ಯಾವಾಗ ಶುರು ಮಾಡಿದಿರಿ ಎಂದಷ್ಟೇ ಕೇಳಿದೆ.

2024ರ ಆಗಸ್ಟ್ 7ಕ್ಕೆ, ಅಂದರು. ಅದಕ್ಕೆ ಹಿಂದಿನ ಸುದ್ದಿಗಳನ್ನೆಲ್ಲ ಆಮೇಲೆ ಹುಡುಕಿ ಬರೆದುಕೊಂಡದ್ದು. ಸೇತುವೆ ಬೀಳುವ ಹಿಂದಿನ ಬೆಳಿಗ್ಗೆ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅದರ ಮೇಲೆಯೇ ಬಂದಿದ್ದರು. ರಾತ್ರಿ ಒಂದರ ಹೊತ್ತಿಗೆ ಅದು ಬಿತ್ತು, ಲಾರಿಯೊಂದು ನದಿಗೆ ಹೋಯಿತು, ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಮೇಲೆತ್ತಿದರು. "ಅವತ್ತಿಂದ ನಿದ್ದಿ ಹತ್ತಿಲ್ರಿ ಸರ. ಹೊಸಾ ಬ್ರಿಜ್ ಮ್ಯಾಲೆ ಹೋಗೂವಾಗೂ ಉಸರ ಬಿಗಿ ಹಿಡೀತೀನಿ. ಕರ್ತ ಬಂದ ಕರ್ಕೊಂಡ ಹೋದ್ರ ಮಗಳಿಗೆ ಏನೂ ಆಗೂದಿಲ್ಲ."

ನಾನು ಅಲ್ಲಿ ಲೂಕ 13ರ ಆರಂಭದ ವಚನಗಳನ್ನು ನೆನಪಿನಿಂದ ಹೇಳಿದೆ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಉಳಿದ ಊರವರಿಗಿಂತ ಹೆಚ್ಚು ತಪ್ಪುಗಾರರೆಂದು ನೆನಸುತ್ತೀರೋ, ಅಲ್ಲ, ಎನ್ನುತ್ತಾನೆ ಯೇಸು. ಆ ಬುರುಜನ್ನು ಅವನು ಕಡೇ ಕಾಲದ ಲೆಕ್ಕಕ್ಕೆ ಸೇರಿಸಲಿಲ್ಲ. ನೀವು ಬದುಕಿರುವಾಗಲೇ ದೇವರ ಕಡೆಗೆ ತಿರುಗಿಕೊಳ್ಳಿ ಎಂದ. ಮೇಸ್ತ್ರಿ ಬಹಳ ಹೊತ್ತು ಏನೂ ಅನ್ನಲಿಲ್ಲ. ಒಪ್ಪಿದರು ಎಂದು ಬರೆಯಲಾರೆ. ಆದರೆ ಮುಂದಿನ ಬುಧವಾರ ಬರುತ್ತೇನೆ ಅಂದರು, ಮತ್ತು ಹೆಂಡತಿಯನ್ನೂ ಕರೆತರುತ್ತೇನೆ ಅಂದರು.

ಪ್ರಕರಣದ ಮೊದಲ ತಿರುವು ಇದು. ಮೂರು ವಾರ ನಾವು ಉತ್ತರ ಕೊಟ್ಟದ್ದು ಅವರ ಲೆಕ್ಕಕ್ಕೆ. ಅವರಿಗಿದ್ದದ್ದು ಹೆದರಿಕೆ.

ಮೂರನೇ ಪ್ರಯತ್ನ: ಪತ್ರವನ್ನು ಪತ್ರವಾಗಿ ಓದುವುದು

ಸೆಪ್ಟೆಂಬರ್ 10ರಂದು ಒಂದು ನಿರ್ಧಾರ ಮಾಡಿದೆ. ಯಾರೂ ಬಿಡಿ ವಚನ ಎತ್ತಬಾರದು. 1 ಥೆಸಲೋನಿಕವನ್ನು, ಅಂದರೆ ಥೆಸಲೋನಿಕದ ಸಭೆಗೆ ಅಪೊಸ್ತಲ ಪೌಲ ಬರೆದ ಮೊದಲ ಪತ್ರವನ್ನು, ಮೊದಲಿನಿಂದ ಕೊನೆಯವರೆಗೆ, ಊರಿಂದ ಬಂದ ಕಾಗದ ಓದುವ ಹಾಗೆ, ಒಂದೇ ಸಲಕ್ಕೆ ಗಟ್ಟಿಯಾಗಿ ಓದುವುದು. ಐದೇ ಅಧ್ಯಾಯ, ಇಪ್ಪತ್ತು ನಿಮಿಷ ಸಾಕು. ಓದಿ ಮುಗಿದ ಮೇಲೆ ಮೂರೇ ಪ್ರಶ್ನೆ: ಇದು ಬಂದಾಗ ಆ ಜನ ಯಾವ ಕಷ್ಟದಲ್ಲಿದ್ದರು? ಅವರು ಏನನ್ನು ಕೇಳಿದ್ದಿರಬೇಕು? ಇದನ್ನು ಓದಿ ಮುಗಿಸಿ ಮರುದಿನ ಬೆಳಿಗ್ಗೆ ಅವರು ಏನು ಮಾಡಬೇಕೆಂದು ಪೌಲ ಬಯಸಿದ?

ನಾಲ್ಕನೇ ಅಧ್ಯಾಯವನ್ನು ಓದಿದ್ದು ಅಕ್ಕ. 'ನಿದ್ರೆಹೋದವರ' ವಿಷಯ ಬರುವ 13ನೇ ವಚನಕ್ಕೆ ಬಂದು ಅವರ ದನಿ ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ ಓದದೆ ಮಾತಾಡಿದರು. ಗಂಡ ತೀರಿಕೊಂಡಾಗ ಆಸ್ಪತ್ರೆಯವರು ಮುಖ ತೋರಿಸಿರಲಿಲ್ಲ, ಸಮಾಧಿಗೆ ನಾಲ್ಕು ಜನರಿಗಷ್ಟೇ ಅನುಮತಿ, ಹಾಡೂ ಇಲ್ಲ. "ಇವರ ಚಿಂತೆ ತಾರೀಖಿಂದಲ್ಲ ಅಂತ ಕಾಣ್ತದೆ ನಂಗೆ. ಸತ್ತವರು ಹಿಂದೆ ಉಳಿದುಬಿಡ್ತಾರಾ ಅಂತ ಅತ್ತುಕೊಂಡು ಕೂತಿದ್ದಾರೆ ಇವರು. ಇಲ್ಲ, ಅವರೇ ಮೊದಲು ಏಳ್ತಾರೆ ಅಂತ ಪೌಲ ಹೇಳ್ತಿದ್ದಾನೆ. ನಾಲ್ಕು ವರ್ಷದಿಂದ ಇದೇ ಪುಟ ನನ್ನ ಬೈಬಲಿನಲ್ಲಿತ್ತು, ನಾವು ಇದನ್ನು ಜಗಳಕ್ಕೇ ಇಟ್ಟುಕೊಂಡಿದ್ದೆವಲ್ಲ."

ಯಾರೂ ಮಾತಾಡಲಿಲ್ಲ. ಅಧ್ಯಾಯದ ಕೊನೆಯ ಮಾತನ್ನು ಅವರೇ ಓದಿದರು, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂಬುದನ್ನು. ಎರಡು ಸಾವಿರ ವರ್ಷದ ಹಿಂದೆ ಆ ಕಾಗದ ಮೊದಲು ಓದಿದ ಮನೆಯಲ್ಲೂ ಯಾರೋ ಒಬ್ಬ ವಿಧವೆ ಹೀಗೇ ಕುಳಿತು ಕೇಳಿರಬೇಕು ಎಂದು ನನಗೆ ಅಂದು ಬಲವಾಗಿ ಅನಿಸಿತು.

ಅಲ್ಲಿಂದ ಚರ್ಚೆಯ ಧಾಟಿ ಬದಲಾಯಿತು, ವಿಷಯವೂ ಆಳಕ್ಕೆ ಹೋಯಿತು. 17ನೇ ವಚನದ 'ಎದುರುಗೊಳ್ಳುವುದು' ಎಂಬ ಮಾತಿಗೆ ಬ್ಯಾಂಕಿನವರು ಗ್ರೀಕ್ ಮೂಲ ಹೇಳಿದರು, ಅಪಾಂತೇಸಿಸ್. ಅದೇ ಪದ ಮತ್ತಾಯ 25:6ರಲ್ಲಿ ಮದಲಿಂಗನನ್ನು ಎದುರುಗೊಳ್ಳುವ ಕನ್ಯೆಯರಿಗೂ, ಅಪೊಸ್ತಲರ ಕೃತ್ಯಗಳು 28:15ರಲ್ಲಿ ಪೌಲನನ್ನು ಕಾಣಲು ರೋಮಿನಿಂದ ಹೊರಟುಬಂದ ಸಹೋದರರಿಗೂ ಬಂದಿದೆ. ಆ ಸಹೋದರರು ಪೌಲನನ್ನು ದಾರಿಯಲ್ಲಿ ಕಂಡರು, ಪೌಲ ಮುಂದೆ ರೋಮಿಗೇ ಬಂದ. ನಮ್ಮ ಕರಾವಳಿಯಲ್ಲಿ ದಿಬ್ಬಣ ಬಂದಾಗ ಹೆಣ್ಣಿನ ಮನೆಯವರು ರಸ್ತೆಯವರೆಗೆ ಹೋಗಿ ಎದುರುಗೊಂಡು ಮನೆಗೆ ಕರೆತರುವುದಿಲ್ಲವೇ, ದಿಬ್ಬಣದ ಜತೆ ಬಂದ ದಾರಿಯಲ್ಲೇ ಹೊರಟುಹೋಗುವುದಿಲ್ಲವಲ್ಲ ಎಂದು ಅವರ ವಾದ. ಅಂದರೆ ವಿಶ್ವಾಸಿಗಳು ಭೂಮಿ ಬಿಟ್ಟು ಓಡಿಹೋಗುವ ಚಿತ್ರ ಇದಲ್ಲ, ಬರುವ ಅರಸನನ್ನು ಸ್ವಾಗತಿಸುವ ಚಿತ್ರ. ಮೇಸ್ತ್ರಿ ಯೋಹಾನ 14:3 ಹಿಡಿದರು. ನಿಮ್ಮನ್ನು ನನ್ನ ಬಳಿಗೆ ಕರೆದುಕೊಳ್ಳುವೆನು ಅಂದಿದ್ದಾನಲ್ಲ? ಅದು ಹಗುರವಾಗಿ ತಳ್ಳಿಹಾಕುವ ಉತ್ತರವಲ್ಲ, ಬ್ಯಾಂಕಿನವರೂ ಹೌದೆಂದರು. ಮೂರು ವಾರದಲ್ಲಿ ಅವರಿಬ್ಬರು ಒಬ್ಬರ ಮಾತನ್ನೊಬ್ಬರು ಪೂರ್ತಿ ಕೇಳಿದ್ದು ಅದೇ ಮೊದಲು.

ಮೂರನೇ ಪ್ರಶ್ನೆಗೆ ಉತ್ತರ ಪತ್ರದಲ್ಲೇ ಇತ್ತು. 4:11ರಲ್ಲಿ ಶಾಂತರಾಗಿದ್ದು ಸ್ವಂತ ಕೆಲಸ ನೋಡಿಕೊಳ್ಳಿ, ಕೈಯಾರೆ ದುಡಿಯಿರಿ ಎನ್ನುತ್ತಾನೆ ಪೌಲ. ಎರಡನೇ ಪತ್ರದಲ್ಲಿ ಇನ್ನೂ ಬಿಗಿ. ಕರ್ತನ ದಿನ ಆಗಲೇ ಬಂತೆಂದು ಯಾರಾದರೂ ಆತ್ಮದ ನುಡಿಯಿಂದಾಗಲಿ, ನಮ್ಮಿಂದ ಬಂತೆನ್ನುವ ಪತ್ರದಿಂದಾಗಲಿ ಹೇಳಿದರೆ ಕಂಗೆಡಬೇಡಿ (2:2), ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು (3:10). ಮೇಸ್ತ್ರಿ ಆ ವಚನಗಳಿಗೆ ಬೆರಳಿಟ್ಟುಕೊಂಡೇ ಕುಳಿತಿದ್ದರು.

ಓದುವ ದಾರಿಗಳು

ಇಲ್ಲಿ ಸ್ವಲ್ಪ ನಿಂತು, ನಮ್ಮ ಕೂಟದಲ್ಲಿ ಇರುವ ಓದುಗಳನ್ನು ಹೇಳಬೇಕು. ಕರ್ತನು ಮತ್ತೆ ಬರುವನು ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ಸಂದೇಹವಿಲ್ಲ. ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುವನೆಂದು ಕಥೋಲಿಕರೂ ಸಿಎಸ್‌ಐಯವರೂ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತಾರೆ. ಭೇದ ಇರುವುದು ಕ್ರಮದಲ್ಲಿ. ಪ್ರಕಟನೆ 20ರ ಸಾವಿರ ವರ್ಷವನ್ನು ಮುಂದೆ ಭೂಮಿಯ ಮೇಲೆ ನಡೆಯುವ ಆಳ್ವಿಕೆ ಎಂದು ಕೆಲವರು ಓದುತ್ತಾರೆ. ಪ್ರಾಚೀನ ಸಭೆಯ ಪಂಡಿತ ಅಗಸ್ಟೀನ್ ಮೊದಲು ಅಂಥ ಓದಿಗೇ ಒಲಿದಿದ್ದವರು, ಆಮೇಲೆ ಅದು ಸಭೆಯ ಈಗಿನ ಕಾಲವನ್ನೇ ಸೂಚಿಸುವ ಸಂಖ್ಯೆ ಎಂದು ಬದಲಿಸಿಕೊಂಡರು, ಬ್ಯಾಂಕಿನವರದು ಅದೇ ದಾರಿ. ಮತ್ತಾಯ 24ರ ಬಹುಪಾಲು ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದಾಗಲೇ ನೆರವೇರಿತು ಎನ್ನುವವರೂ ಇದ್ದಾರೆ, 'ಈ ತಲೆಮಾರು ಅಳಿದುಹೋಗುವುದಿಲ್ಲ' ಎಂಬ 34ನೇ ವಚನವೇ ಅವರ ಆಧಾರ. ಮೇಸ್ತ್ರಿಯ ಸಭೆ ಕಲಿಸುವುದು ಬೇರೆ. ಮೊದಲು ಸಭೆ ಎತ್ತಲ್ಪಡುವುದು, ಆಮೇಲೆ ಏಳು ವರ್ಷದ ಮಹಾಸಂಕಟ, ಆಮೇಲೆ ಬಹಿರಂಗ ಬರೋಣ. ಈ ಕ್ರಮವನ್ನು 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು ವ್ಯವಸ್ಥಿತವಾಗಿ ಬೋಧಿಸಿದರು. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳ ಮೂಲಕ ಅದು ಜಗತ್ತಿನಾದ್ಯಂತ ಹಬ್ಬಿತು.

ಇಲ್ಲಿ ನಾವು ಹಿಂದೆ ಮಾಡಿದ್ದ ದೊಡ್ಡ ತಪ್ಪು, ತಾರೀಖನ್ನೂ ಈ ಬೋಧನೆಯನ್ನೂ ಒಂದೇ ಗಂಟಿಗೆ ಕಟ್ಟಿದ್ದು. ಸಭೆ ಎತ್ತಲ್ಪಡುತ್ತದೆಂದು ಬೋಧಿಸುವ ಎಷ್ಟೋ ಗಂಭೀರ ಬೋಧಕರು ತಾರೀಖು ಹೇಳುವುದನ್ನು ನಮಗಿಂತ ಗಟ್ಟಿಯಾಗಿ ಖಂಡಿಸುತ್ತಾರೆ. ಯಾವ ಗಳಿಗೆಯಲ್ಲಾದರೂ ಆಗಬಹುದು ಎಂಬುದೇ ಅವರ ಬೋಧನೆಯ ಜೀವಾಳ. ತಾರೀಖು ಹೇಳಿದರೆ ಅದೇ ಮುರಿಯುತ್ತದೆ. ಹಾಗಾಗಿ 17ರ ಬುಧವಾರಕ್ಕೆ ಮೇಸ್ತ್ರಿಯ ಸ್ವಂತ ಸಭೆಯ ಪಾಸ್ಟರನ್ನು ಕರೆದೆವು. ಅವರು ಬಂದು, ತಾವು ಎತ್ತಲ್ಪಡುವುದನ್ನು ನಂಬುವವರೇ ಎಂದು ಮೊದಲು ಹೇಳಿ, ಅಪೊಸ್ತಲರ ಕೃತ್ಯಗಳು 1:7 ಓದಿದರು, ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ. 'ದಿನ ತಿಳಿಯದು, ಕಾಲ ತಿಳಿಯುತ್ತದೆ' ಎಂಬ ವಾದಕ್ಕೆ ನಾನು ಕೇಳಿದ ಉತ್ತರಗಳಲ್ಲಿ ಇದೇ ನೇರವಾದದ್ದು. ನಮ್ಮ ಬಾಯಿಂದ ಬಂದಿದ್ದರೆ ಮೇಸ್ತ್ರಿ ಇದಕ್ಕೂ ಮರುವಚನ ಹುಡುಕುತ್ತಿದ್ದರು. ಪಾಸ್ಟರ್ ಹೇಳಿದ್ದಕ್ಕೆ ತಲೆ ತಗ್ಗಿಸಿ ಕುಳಿತರು.

ಅಡುಗೆಮನೆಯಲ್ಲಿ ಕೇಳಿಬಂದದ್ದು

ಅಂದು ಚಹಾ ಆದ ಮೇಲೆ ಅಕ್ಕ ಮತ್ತು ಮೇಸ್ತ್ರಿಯ ಹೆಂಡತಿ ಒಳಗೆ ಲೋಟ ತೊಳೆಯುತ್ತಿದ್ದರು. ಅಕ್ಕ ಕೇಳಿದರಂತೆ, ನಿನಗೇನು ಅನಿಸ್ತದೆ ಎಂದು. ಅದಕ್ಕೆ ಅವರು, "ನನ್ನ ಯಾರೂ ಕೇಳಲೇ ಇಲ್ರಿ ಅಕ್ಕಾರ" ಅಂದರು. ಚೀಟಿಗೆ ತಿಂಗಳು ತಿಂಗಳು ಕಟ್ಟಿದ್ದು ಅವರು, ಮೀನು ಒಣಗಿಸಿ ಮಾರಿದ ದುಡ್ಡಿನಿಂದ. ಮಗಳು ದಿನಾ ರಾತ್ರಿ ಫೋನ್ ಮಾಡಿ, ಅಪ್ಪ ಫೀ ಕಟ್ತಾರಾ ಎಂದು ಕೇಳುತ್ತಿದ್ದಳು. ಕರ್ತ ಬರುತ್ತಾನೆಂದು ಅವರೂ ನಂಬಿದ್ದರು. ಬರುವವನು ಮಗಳನ್ನು ಕಾಲೇಜಿನಲ್ಲಿ ಕಂಡರೆ ಬೇಸರ ಮಾಡಿಕೊಳ್ಳುವುದಿಲ್ಲ ಎಂದೂ ನಂಬಿದ್ದರು.

ನಾವು ಒಂದು ತಿಂಗಳು ಮತ್ತಾಯ, ದಾನಿಯೇಲ, ಪ್ರಕಟನೆ ತಿರುವಿ ಹಾಕಿದ್ದೆವು. ಈ ಹೆಂಗಸು ಎರಡು ಬುಧವಾರ ನಮ್ಮ ನಡುವೆಯೇ ಕುಳಿತಿದ್ದರೂ ಒಬ್ಬರೂ ಅವರ ಕಡೆ ತಿರುಗಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅಕ್ಕ ಅದನ್ನು ಕೂಟದಲ್ಲಿ ಎತ್ತಲಿಲ್ಲ, ನನಗೂ ಪಾಸ್ಟರಿಗೂ ಮಾತ್ರ ಹೇಳಿದರು. ಮರುದಿನ ಪಾಸ್ಟರೊಬ್ಬರೇ ಸದಾಶಿವಗಡದ ಮನೆಗೆ ಹೋದರು. ತಾರೀಖು ನಿಜವೋ ಸುಳ್ಳೋ ಎಂಬ ಮಾತೆತ್ತಲಿಲ್ಲವಂತೆ. "ಕರ್ತ ಆ ದಿನವೇ ಬಂದರೂ ನೀವು ಕಾಲೇಜಿಗೆ ಕೊಟ್ಟ ಮಾತು, ಬೋಟಿನವರಿಗೆ ಕೊಡಬೇಕಾದ ಕೆಲಸ ಉಳಿಸಿಕೊಂಡಿರಬೇಕೇ, ತೀರಿಸಿರಬೇಕೇ?" ಎಂದು ಕೇಳಿದರು. ಆಮೇಲೆ ಹೆಂಡತಿಯನ್ನು ಕರೆದು ಎದುರಿಗೆ ಕೂರಿಸಿ, ನೀವು ಹೇಳಿ ತಾಯಿ, ಅಂದರು.

ಸೆಪ್ಟೆಂಬರ್ 19ಕ್ಕೆ ಫೀ ಕಟ್ಟಿದರು. 39,000 ಚೀಟಿಯದು. ಕರಪತ್ರಕ್ಕೆ ಹೋದ 9,000ವನ್ನು ಹೆಂಡತಿ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದರು. ಆ ಕಂತು ಇನ್ನೂ ನಡೆಯುತ್ತಿದೆ. ಇಂಜಿನ್ ಕೆಲಸ ಒಪ್ಪಿಕೊಳ್ಳುವುದಿಲ್ಲ ಎಂಬ ಮಾತನ್ನು ಮಾತ್ರ ಮೇಸ್ತ್ರಿ ಹಿಂತೆಗೆದುಕೊಳ್ಳಲಿಲ್ಲ.

24ರ ಬುಧವಾರ

ಆ ದಿನ ಕೂಟದ ದಿನವೇ ಆಗಿತ್ತು. ಬಿಟ್ಟುಬಿಡೋಣ ಎಂದು ಕೆಲವರು ಹೇಳಿದರು, ನಡೆಸಲೇಬೇಕೆಂದು ನಾನು ಹಟ ಹಿಡಿದೆ. ಹಿಂದಿನ ವಾರವೇ ಎಲ್ಲರಿಗೂ ಒಂದು ಮಾತು ಕೇಳಿಕೊಂಡಿದ್ದೆ. ಮರುದಿನ ಯಾರೂ ಮೇಸ್ತ್ರಿಗೆ ಫಾರ್ವರ್ಡ್ ಕಳಿಸಬಾರದು, 'ಏನಾಯ್ತು' ಎಂದು ಕೇಳಬಾರದು, ಅವರಿಲ್ಲದಾಗಲೂ ಆಡಿಕೊಳ್ಳಬಾರದು. ತಾರೀಖು ತಪ್ಪಿದ ಮೇಲೆ ಬರುವ ಬೆಳಗು, ನಂಬಿದವರಿಗೆ ಎಲ್ಲಕ್ಕಿಂತ ಅಪಾಯದ್ದು. ಕೆಲವರು ಹೊಸ ತಾರೀಖು ಹುಡುಕುತ್ತಾರೆ, ಕೆಲವರು ಕರ್ತನನ್ನೇ ಬಿಡುತ್ತಾರೆ. ಎರಡೂ ಬೇಡವಾಗಿದ್ದರೆ ವಾಪಸ್ ಬರುವ ಬಾಗಿಲು ನಾವೇ ತೆರೆದಿಟ್ಟಿರಬೇಕು.

ನವರಾತ್ರಿ ಶುರುವಾಗಿ ಮೂರನೇ ದಿನ, ಪೇಟೆಯಲ್ಲಿ ಮೈಕಿನ ಸದ್ದು. ಮೇಸ್ತ್ರಿ ಬರಲಿಲ್ಲ, ಹೆಂಡತಿ ಬಂದರು. ನಾವು 2 ಪೇತ್ರ 3 ಓದಿದೆವು. ಕರ್ತನು ತಡಮಾಡುವುದು ಅಲಕ್ಷ್ಯದಿಂದಲ್ಲ, ಯಾರೂ ನಾಶವಾಗಬಾರದೆಂಬ ದೀರ್ಘಶಾಂತಿಯಿಂದ, ಅಂದರೆ ತಾಳ್ಮೆಯಿಂದ, ಎನ್ನುವ ಒಂಬತ್ತನೇ ವಚನದ ಹತ್ತಿರ ಆ ಸಂಜೆ ಬಹಳ ಹೊತ್ತು ಕಳೆಯಿತು.

25ರ ಬೆಳಿಗ್ಗೆ ಬಂದರಿಗೆ ಹೋದದ್ದು ಬ್ಯಾಂಕಿನವರು. ನಾನು ಹೇಳಿ ಕಳಿಸಿದ್ದಲ್ಲ. ತಮ್ಮ ಸ್ಕೂಟರಿನಲ್ಲಿ ಏನೋ ಸದ್ದು ಬರುತ್ತದೆ, ನೋಡಿಕೊಡಿ ಎಂದು ಮೇಸ್ತ್ರಿಯ ಬಳಿ ನಿಂತರಂತೆ. ಇಬ್ಬರೂ ಅರ್ಧ ಗಂಟೆ ಅದರ ಕವರ್ ಬಿಚ್ಚಿ ಕುಳಿತಿದ್ದರು. ತಾರೀಖಿನ ಮಾತು ಬರಲೇ ಇಲ್ಲ.

ಮೇಸ್ತ್ರಿ ಕೂಟಕ್ಕೆ ಮರಳಿದ್ದು ಅಕ್ಟೋಬರ್ 15ಕ್ಕೆ. ಸಭೆ ಎತ್ತಲ್ಪಡುವುದೆಂದು ಅವರು ಈಗಲೂ ನಂಬುತ್ತಾರೆ, ಬ್ಯಾಂಕಿನವರು ಈಗಲೂ ಇಲ್ಲವೆನ್ನುತ್ತಾರೆ. ಕಳೆದುಕೊಂಡ ಮೂರು ಬೋಟಿನ ಗಿರಾಕಿಗಳಲ್ಲಿ ಇಬ್ಬರು ಮರಳಿ ಬಂದಿಲ್ಲ. ನೋಟ್‌ಬುಕ್ ಇದೆಯೋ ಇಲ್ಲವೋ ನಾನು ಕೇಳಿಲ್ಲ.

ನಮ್ಮಲ್ಲಿ ಬದಲಾದದ್ದು

ಬರೋಣದ ವಚನ ಯಾವುದೇ ಬಂದರೂ ಈಗ ಮೊದಲು ಕೇಳುವುದು ಆ ಮೂರನೇ ಪ್ರಶ್ನೆ. ಇದನ್ನು ಮೊದಲು ಕೇಳಿದವರು ಮರುದಿನ ಏನು ಮಾಡಬೇಕಿತ್ತು? ಎಚ್ಚರವಾಗಿರಿ, ದುಡಿಯಿರಿ, ಸಂತೈಸಿರಿ, ತಾಳಿಕೊಳ್ಳಿರಿ, ಇವು ಬಿಟ್ಟು ಬೇರೆ ಉತ್ತರ ನಮಗೆ ಇದುವರೆಗೆ ಸಿಕ್ಕಿಲ್ಲ. ಕ್ರಮದ ಬಗ್ಗೆ ಎಷ್ಟು ಭಿನ್ನಾಭಿಪ್ರಾಯ ಇದ್ದರೂ ಇದರಲ್ಲಿ ಎಲ್ಲ ಸಭೆಯವರೂ ಒಂದಾಗುತ್ತಾರೆ.

ಇನ್ನೊಂದನ್ನು ಕೂಟದ ಪುಸ್ತಕದಲ್ಲೇ ಬರೆದಿಟ್ಟಿದ್ದೇವೆ. ಪ್ರವಾದನೆಯ ಯಾವುದೇ ಓದನ್ನು ಯಾರೂ ನಂಬಬಹುದು. ಆದರೆ ಅದರ ಮೇಲೆ ದುಡ್ಡು, ಓದು, ಮದುವೆ, ಜಮೀನಿನ ತೀರ್ಮಾನ ಮಾಡುವ ಮೊದಲು ಆ ತೀರ್ಮಾನದಿಂದ ಬಾಧೆಗೊಳಗಾಗುವವರು ಎದುರಿಗೆ ಕುಳಿತು ಮಾತಾಡಿರಬೇಕು. ಇದು ನಿಯಮ ಎಂದು ಹೇರುವ ಅಧಿಕಾರ ನಮಗಿಲ್ಲ, ಕೇಳುವ ಅಧಿಕಾರ ಇದೆ. ತಿದ್ದುವ ಮಾತು ಹೇಳಬೇಕಾಗಿ ಬಂದರೆ ಅದೇ ನಂಬಿಕೆಯವರ ಬಾಯಿಂದ, ಅವರ ಮನೆಯಲ್ಲಿ, ಒಬ್ಬರೇ ಇರುವಾಗ. ಎಲ್ಲರೆದುರು ಇತಿಹಾಸ ಹೇಳುವ ನನ್ನ ದಾರಿಯನ್ನು ಯಾರಿಗೂ ಶಿಫಾರಸು ಮಾಡಲಾರೆ.

ನವೆಂಬರಿನಲ್ಲಿ ಒಂದು ದಿನ ಮೇಸ್ತ್ರಿಯ ಮನೆಗೆ ಹೋಗಿದ್ದೆ. ಮಂಚದ ಕೆಳಗಿಂದ ಪ್ಲಾಸ್ಟಿಕ್ ಸುತ್ತಿದ ಕರಪತ್ರದ ಕಟ್ಟುಗಳನ್ನು ಹೊರಗೆಳೆದಿದ್ದರು, ಮಳೆಗಾಲದ ತೇವಕ್ಕೆ ಅಂಚು ಹಳದಿಯಾಗಿತ್ತು. ಮೇಲ್ಭಾಗದಲ್ಲಿ ದಪ್ಪ ಅಕ್ಷರದ ತಾರೀಖು, ಕೆಳಭಾಗದಲ್ಲಿ ಯೋಹಾನ 3:16. ವಚನ ಇರುವ ಕಾಗದವನ್ನು ಸುಡಲು ಮನಸ್ಸು ಬರಲಿಲ್ಲ ಅಂದರು. ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕುಳಿತು, ಹೊಲಿಗೆಯ ಕತ್ತರಿಯಿಂದ ಐದೈದು ಹಾಳೆ ಒಟ್ಟಿಗೆ ಹಿಡಿದು ತಾರೀಖಿನ ಪಟ್ಟಿಯನ್ನು ಕತ್ತರಿಸುತ್ತಿದ್ದರು. ಮೂರು ಕಟ್ಟು ಮುಗಿದಿತ್ತು, ಇನ್ನೊಂದು ಉಳಿದಿತ್ತು. ನನಗೂ ಒಂದು ಕತ್ತರಿ ಕೊಟ್ಟರು.